ಅಣ್ಣನ ಕಡೆಯ ಚಿಲಕ

ನಮ್ಮ ಕನ್ನಡ ಸಂಘದ ಫೇಸ್‌ಬುಕ್ ಪುಟದಲ್ಲಿ ಹೋದ ವರ್ಷದ ರಾಜ್ಯೋತ್ಸವದ ಫೋಟೊ ಒಂದಿದೆ. ಸೆನೆಟರ್ ನೋರಾ ಕ್ವಿನ್‌ಲಾನ್ ಅವರ ತಲೆಯ ಮೇಲೆ ಸಂಘದ ಅಧ್ಯಕ್ಷ ಬದರಿನಾಥ ಮೈಸೂರು ಪೇಟ ಇಡುತ್ತಿದ್ದಾನೆ. ಅವನ ಮುಖದಲ್ಲಿ ನಗು ಹಿಡಿಸುತ್ತಿಲ್ಲ. ಫೋಟೊದ ಬಲತುದಿಯಲ್ಲಿ ಒಂದು ಹಿತ್ತಾಳೆ ತಟ್ಟೆ, ಅದನ್ನು ಹಿಡಿದ ಎರಡು ಕೈ, ಹಸಿರು ಗಾಜಿನ ಬಳೆ. ಆ ಕೈಯ ಹಿಂದಿದ್ದ ಹೆಂಗಸನ್ನು ಮಾತ್ರ ಕತ್ತರಿಸಿ ತೆಗೆದಿದ್ದಾರೆ. ಜನ ಆ ಫೋಟೊಗೆ ಸಾಲುಸಾಲಾಗಿ ಕೈಮುಗಿದ ಚಿತ್ರ ಹಾಕಿದ್ದಾರೆ, 'ಜೈ ಕನ್ನಡಾಂಬೆ' ಎಂದು ಬರೆದಿದ್ದಾರೆ. ಅದು ಕಣ್ಣಿಗೆ ಬಿದ್ದಾಗಲೆಲ್ಲ ಫೋನನ್ನು ಮಗುಚಿ ಇಡುತ್ತೇನೆ. ಥೂ!

ಆ ಕೈ ಸಂಧ್ಯಾರಾಣಿಯದು. ಗುಬ್ಬಿ ಕಡೆಯವಳು. ಸಿಡ್ನಿಯ ಲಿವರ್‌ಪೂಲ್‌ನಲ್ಲಿ ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿ ನಾವಿಬ್ಬರೂ ಅಕ್ಕಪಕ್ಕ ನಿಂತು ರೋಗಿಗಳ ಊಟದ ಟ್ರೇ ಜೋಡಿಸುತ್ತಿದ್ದೆವು. ನಾನು ವಾಸಂತಿ, ಹಾಸನದವಳು, ಬಾಯಿ ಸ್ವಲ್ಪ ಜೋರು ಅಂತ ಎಲ್ಲರೂ ಹೇಳುತ್ತಾರೆ. ಇರಲಿ, ಬಾಯಿ ಇರುವುದೇ ಆಡುವುದಕ್ಕೆ. ಅವಳು ನನಗಿಂತ ಹತ್ತು ವರ್ಷ ಚಿಕ್ಕವಳು, ದನಿ ಮೆತ್ತಗೆ, ತಮಾಷೆ ಜಾಸ್ತಿ. ಉಪ್ಪು ಕಾಣದ ಆಲೂಗಡ್ಡೆಯ ಮುದ್ದೆಯನ್ನು ತಟ್ಟೆಗೆ ಹಾಕುತ್ತಾ, "ಇದುನ್ನ ತಿಂದು ಬದುಕ್ದೋರು ಇನ್ಯಾವ್ದಕ್ಕೂ ಸಾಯಲ್ಲ ಬಿಡಕ್ಕ" ಅನ್ನುತ್ತಿದ್ದಳು. ಸೂಪರ್‌ವೈಸರ್ ಬಂದಾಗ ಮಾತ್ರ ಮುಖ ಗಂಭೀರ ಮಾಡಿಕೊಳ್ಳುತ್ತಿದ್ದಳು.

ಅವಳ ಗಂಡ ಶಂಭುಲಿಂಗ ಓದುವುದಕ್ಕೆ ಅಂತ ಬಂದವನು. ಇವಳು ದುಡಿದಳು, ಅವನು ಓದಿದ. ಇಲ್ಲೇ ಕಾಯಂ ಇರುವುದಕ್ಕೆ ಪಿಆರ್ ಬಂತು, ಅದರ ಹಿಂದೆಯೇ ಅವನಿಗೆ ಇನ್ನೊಬ್ಬಳೂ ಬಂದಳು. ಪರ್ತ್ ಕಡೆಗೆಲ್ಲೋ ಹೋದವನು ತಿರುಗಿ ನೋಡಲಿಲ್ಲ. ಉಳಿದವರು ತಾಯಿ, ಮಗಳು. ಮಗಳು ಸಾನ್ವಿಗೆ ಹೋದ ವರ್ಷ ಹದಿನೇಳು, ಹನ್ನೆರಡನೇ ಕ್ಲಾಸು, ಕನ್ನಡ ಪೂರಾ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. ಬುದ್ಧಿವಂತೆ, ಆದರೆ ಉಬ್ಬಸದ ಹುಡುಗಿ. ಲಿವರ್‌ಪೂಲ್‌ನಿಂದ ದೂರದ ದಿ ಪಾಂಡ್ಸ್ ಬಡಾವಣೆಯ ಶಾಲೆಯಲ್ಲಿ ಓದುತ್ತಿದ್ದಳು. ಕಡೇ ಎರಡು ವರ್ಷಕ್ಕೆ ಶಾಲೆ ಬದಲಿಸಿದರೆ ಓದು ಕೆಡುತ್ತದೆ ಎಂದು, ಕೆಲಸ ಲಿವರ್‌ಪೂಲ್‌ನಲ್ಲಿದ್ದರೂ ಸಂಧ್ಯಾರಾಣಿ ಅಲ್ಲೇ ಮನೆ ಹುಡುಕಿದಳು.

ಮನೆ ಎಲ್ಲಿ ಸಿಗಬೇಕು? ಸಿಡ್ನಿಯಲ್ಲಿ ಬಾಡಿಗೆ ಮನೆ ನೋಡುವುದೆಂದರೆ ಏನೆಂದು ಇಲ್ಲಿದ್ದವರಿಗೆ ಹೇಳಬೇಕಾಗಿಲ್ಲ. ಶನಿವಾರ ಒಂದು ಮನೆಯ ಮುಂದೆ ಬೀದಿ ತುಂಬ ಸಾಲು, ಏಜೆಂಟ್ ಹುಡುಗ ವಾಚು ನೋಡುತ್ತಾ ಜನರನ್ನು ಒಳಗೆ ಬಿಡುತ್ತಾನೆ, ಗಂಡನಿಲ್ಲದ, ಕಾಯಂ ಅಲ್ಲದ ಕ್ಯಾಶುಯಲ್ ಕೆಲಸದ ಹೆಂಗಸಿನ ಅರ್ಜಿ ಅವನ ಮೇಜನ್ನೂ ಮುಟ್ಟುವುದಿಲ್ಲ. ನಮ್ಮವರ ವಾಟ್ಸ್ಆಪ್ ಗುಂಪಿನಲ್ಲಿ ಕೇಳಿದರೆ 'ವೆಜ್ ಫ್ಯಾಮಿಲಿ ಓನ್ಲಿ, ಐಟಿ ಕಪಲ್ ಪ್ರಿಫರ್ಡ್' ಅನ್ನುತ್ತಾರೆ. ಈ ಮಹಾನುಭಾವರು ಬೆಂಗಳೂರಿಂದ ಬಂದಾಗ ತಾವೂ ಯಾರ ಮನೆಯ ಸೋಫಾ ಮೇಲೋ ಮಲಗಿದ್ದವರೇ!

ಆಗ ಯುಗಾದಿ ಕಾರ್ಯಕ್ರಮದಲ್ಲಿ ಬದರಿನಾಥ ಸಿಕ್ಕಿದ. ಮೈಸೂರಿನವನು, ಐಟಿಯಲ್ಲಿ ದೊಡ್ಡ ಹುದ್ದೆ, ಸಿಡ್ನಿಯಲ್ಲಿ ಮೂರ್ನಾಲ್ಕು ಮನೆ, ವಾಸ ದಿ ಪಾಂಡ್ಸ್‌ನಲ್ಲೇ. ವೇದಿಕೆ ಕಂಡರೆ ಮೈಕು ಹಿಡಿಯದೆ ಬಿಡುವವನಲ್ಲ. "ನಮ್ಮ ಹೆಣ್ಮಗಳು ಬೀದೀಲಿ ನಿಲ್ಲೋದಾ? ನಾನು ನಿಮ್ಮಣ್ಣ ಅಂದ್ಕೊಳಮ್ಮ. ನಮ್ಮನೇಲಿ ಗ್ಯಾರೇಜ್ ಖಾಲಿ ಇದೆ, ಕನ್ವರ್ಟ್ ಮಾಡ್ಸಿದೀನಿ" ಅಂದ. ಅವನ ಹೆಂಡತಿ ಊರ್ಮಿಳಾ ಇವಳ ಕೈ ಹಿಡಿದು, "ಲೀಸು ಗೀಸು ಅಂತೆಲ್ಲ ನಮ್ಮವರ ಮಧ್ಯೆ ಯಾಕೆ ಹೇಳಿ? ಪೇಪರ್ ಕೇಳಿದ್ರೆ ಇವರಿಗೆ ಬೇಜಾರಾಗುತ್ತೆ" ಅಂದಳು. ಸಂಧ್ಯಾರಾಣಿಯ ಕಣ್ಣಲ್ಲಿ ನೀರು ಬಂತು. ಬಾಡಿಗೆ ಮಾತ್ರ ವಾರವಾರ ಕ್ಯಾಶ್, ಒಂದು ದಿನ ತಡವಾಗುವಂತಿಲ್ಲ.

ಆ ಗ್ಯಾರೇಜನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಾರು ನಿಲ್ಲುವ ಜಾಗಕ್ಕೆ ಕಾರ್ಪೆಟ್ಟು ಅಂಟಿಸಿದ್ದ. ಮೇಲಕ್ಕೆತ್ತುವ ದೊಡ್ಡ ಬಾಗಿಲಿನ ಸಂದುಗಳಿಗೆ ಸ್ಪಂಜು ತುರುಕಿದ್ದ. ಕಿಟಕಿಯಿಲ್ಲ. ಪಕ್ಕದ ಗೋಡೆಯಲ್ಲಿ ಹೊರಗೆ ಹೋಗುವ ಒಂದು ಸಣ್ಣ ಬಾಗಿಲು, ಎದುರು ಗೋಡೆಯಲ್ಲಿ ಅವರ ಮನೆಯೊಳಕ್ಕೆ ಹೋಗುವ ಇನ್ನೊಂದು. ಬಚ್ಚಲು, ಕಕ್ಕಸು ಎರಡೂ ಆ ಒಳಬಾಗಿಲಿನ ಆಚೆ. ಚಿಲಕ ಇದ್ದದ್ದೂ ಆಚೆಯೇ. ಅಂದರೆ ತಾಯಿ ಮಗಳು ಯಾವ ಹೊತ್ತಿಗೆ ಹೋಗಬೇಕಾದರೂ ಬಾಗಿಲು ತಟ್ಟಬೇಕು, ಆಚೆಯವರು ಬಂದು ತೆಗೆಯಬೇಕು. ಮನೆಗೆ ನೆಂಟರು ಬಂದ ದಿನ ತೆಗೆಯುತ್ತಿರಲಿಲ್ಲ. ಆ ದಿನ ಇಬ್ಬರೂ ಶಾಪಿಂಗ್ ಸೆಂಟರಿಗೆ ನಡೆದು ಹೋಗಿ ಬರುತ್ತಿದ್ದರು. ಬೆಳೆದ ಹುಡುಗಿ ಅದು!

ಕೋಳಿ, ಮೀನು ಬೇಯಿಸುವಂತಿಲ್ಲ, ಗೋಡೆಯಾಚೆ ದೇವರ ಮನೆ. ಅದಕ್ಕೇ ಸಂಧ್ಯಾರಾಣಿ ಶನಿವಾರ ಲಿವರ್‌ಪೂಲ್‌ನ ನನ್ನ ಯೂನಿಟ್ಟಿಗೆ, ಅಂದರೆ ಫ್ಲ್ಯಾಟಿಗೆ, ಬಂದು ಕೋಳಿ ಸಾರು, ರಾಗಿಮುದ್ದೆ ಮಾಡುತ್ತಿದ್ದಳು. ಸಾನ್ವಿ ನನ್ನ ಬಾಲ್ಕನಿಯಲ್ಲಿ ಪುಸ್ತಕ ಹರಡಿಕೊಂಡು ಕೂರುತ್ತಿದ್ದಳು. ಬಚ್ಚಲಿಗೆ ಹೋದರೆ ಬೇಗ ಬರುತ್ತಿರಲಿಲ್ಲ. ಒಳಗಿನಿಂದ ಚಿಲಕ ಹಾಕಿಕೊಂಡು ಬಿಸಿನೀರಿನ ಕೆಳಗೆ ನಿಂತೇ ಇರುತ್ತಿದ್ದಳು. ನಾನು ನೀರಿನ ಬಿಲ್ಲಿನ ಮಾತು ಎತ್ತುತ್ತಿರಲಿಲ್ಲ.

ಈಗ ಬಾಗಿನದ ವಿಷಯಕ್ಕೆ ಬರುತ್ತೇನೆ, ಎಲ್ಲ ಕೆಟ್ಟದ್ದು ಅಲ್ಲಿಂದಲೇ. ಗೌರಿ ಹಬ್ಬದಲ್ಲಿ ಹೆಣ್ಣುಮಕ್ಕಳಿಗೆ ತವರಿನಿಂದ ಬಾಗಿನ ಬರುತ್ತದೆ. ಎರಡು ಮೊರದೊಳಗೆ ಅರಿಶಿನ ಕುಂಕುಮ, ಬಳೆ, ರವಿಕೆ ಕಣ, ಬೆಲ್ಲ, ಬೇಳೆ. ಅಣ್ಣ ಕೊಟ್ಟ ಬಾಗಿನವನ್ನು ಸೆರಗು ಒಡ್ಡಿ ತೆಗೆದುಕೊಂಡರೆ ತವರಿನ ಬಾಗಿಲು ನಮಗೆ ತೆರೆದಿದೆ ಎಂದು ಅರ್ಥ. ಬದರಿನಾಥ ಎರಡು ವರ್ಷವೂ ಸಂಧ್ಯಾರಾಣಿಗೆ ಬಾಗಿನ ಕೊಟ್ಟ. ಇಂಡಿಯನ್ ಅಂಗಡಿಯಿಂದ ತಂದ ಪುಟ್ಟ ಮೊರ, ಜರಿ ಸುತ್ತಿದ್ದು. ಊರ್ಮಿಳಾ ಫೋಟೊ ತೆಗೆದು 'ನಮ್ಮ ಮನೆ ಮಗಳು' ಎಂದು ಫೇಸ್‌ಬುಕ್ಕಿಗೆ ಹಾಕಿದಳು. ಗುಬ್ಬಿಯಲ್ಲಿ ಒಡಹುಟ್ಟಿದವರು ಯಾರೂ ಇಲ್ಲದ ಸಂಧ್ಯಾರಾಣಿ ಆ ಮೊರಗಳನ್ನು ಮಂಚದ ತಲೆದೆಸೆಯಲ್ಲಿ ಗೋಡೆಗೆ ಒರಗಿಸಿ ಇಟ್ಟುಕೊಂಡಿದ್ದಳು.

"ಬಾಡ್ಗೆ ಈಸ್ಕೊಳೋ ಅಣ್ಣ ಯಾವನೇ?" ಅಂತ ನಾನು ಕೇಳಿದ್ದೆ.

"ಸುಮ್ನಿರಕ್ಕ. ಕರುಳು ಇಲ್ದೆ ಬಾಗಿನ ಕೊಡ್ತಾರಾ?" ಅಂದಿದ್ದಳು.

ಎರಡನೇ ವರ್ಷದ ಹಬ್ಬ ಮುಗಿದ ವಾರದಲ್ಲಿ ಕೌನ್ಸಿಲ್‌ನಿಂದ, ಅಂದರೆ ಇಲ್ಲಿನ ಪುರಸಭೆಯಿಂದ, ಒಬ್ಬಳು ಅಧಿಕಾರಿ ಬಂದಳು. ಗ್ಯಾರೇಜಿನಲ್ಲಿ ಯಾರನ್ನೋ ಬಾಡಿಗೆಗೆ ಇಟ್ಟಿದ್ದಾರೆ ಎಂದು ಅಕ್ಕಪಕ್ಕದವರು ದೂರು ಕೊಟ್ಟಿದ್ದರಂತೆ. ಬದರಿನಾಥ ಒಂಚೂರೂ ಅಳುಕದೆ, "ಷಿ ಈಸ್ ಮೈ ಸಿಸ್ಟರ್" ಅಂದ, ಊರ್ಮಿಳಾ ಫೋನು ತೆಗೆದು ಬಾಗಿನದ ಫೋಟೊ ತೋರಿಸಿದಳು. ಅಧಿಕಾರಿ ಸಂಧ್ಯಾರಾಣಿಯ ಕಡೆ ತಿರುಗಿ, ಇವರು ನಿನ್ನ ಅಣ್ಣನೇ ಎಂದು ಕೇಳಿದಳು. ಇವಳೇನು ಹೇಳಬೇಕು? ಎದುರಿಗೆ ಬಾಗಿನ ಕೊಟ್ಟ ಮನುಷ್ಯ ನಿಂತಿದ್ದಾನೆ. ಅಲ್ಲ ಎಂದರೆ ಬಾಗಿನಕ್ಕೇ ಅವಮಾನ, ಅಣ್ಣನ ಮಾನ ಪರರ ಮುಂದೆ ಕಳೆದಂತೆ. "ಯೆಸ್, ಬ್ರದರ್" ಅಂದುಬಿಟ್ಟಳು. ಅಧಿಕಾರಿ ಹೊರಟುಹೋದಳು.

ಇಂಥ ತಪ್ಪನ್ನು ನಮ್ಮ ಹೆಣ್ಣುಮಕ್ಕಳು ಮಾತ್ರ ಮಾಡುತ್ತಾರೆ. ಬೇರೆ ಯಾವ ದೇಶದವಳಾದರೂ ಕಕ್ಕಸಿನ ಬಾಗಿಲು ತೋರಿಸಿ ಕೂಗಾಡುತ್ತಿದ್ದಳು. ಇವಳು ಅಧಿಕಾರಿಗೆ ಟೀ ಮಾಡಿಕೊಡಲೇ ಎಂದು ಕೇಳಿದಳಂತೆ, ಅಯ್ಯೋ ನನ್ನ ಕರ್ಮವೇ!

ಇಲ್ಲಿ ಚಳಿಗಾಲ ಜೂನಿನಿಂದ ಆಗಸ್ಟಿನ ತನಕ; ಆ ವರ್ಷದ ತೇವಕ್ಕೆ ಗೋಡೆಗೆ ಹಿಡಿದಿದ್ದ ಕಪ್ಪು ಬೂಷ್ಟು ಮಂಚದ ತನಕ ಇಳಿದಿತ್ತು. ಸಾನ್ವಿಗೆ ಉಬ್ಬಸ ಹೆಚ್ಚಾಗಿ ಆಸ್ಪತ್ರೆ ಸೇರಿದಳು. ವಾರ್ಡಿನಲ್ಲಿ ಮೂಗಿಗೆ ಗಾಳಿ ಹಾಕಿಸಿಕೊಂಡೇ ಪ್ರಿಪರೇಟರಿ ಪರೀಕ್ಷೆಗೆ ಓದಿದಳು. ಇದ್ದ ಮಾರ್ಕ್ಸು ನೋಡಿ ಶಾಲೆಯವರು ಫಿಸಿಯೋಥೆರಪಿ ಸೀಟು ಖಂಡಿತ ಸಿಗುತ್ತದೆ ಅಂದಿದ್ದರು. ತಾಯಿಗೆ ಬೇಕಾಗಿದ್ದದ್ದು ಇಷ್ಟೇ: ನವೆಂಬರಿನಲ್ಲಿ ಮಗಳ ಫೈನಲ್ ಪರೀಕ್ಷೆಯ ಕೊನೇ ಪೇಪರ್ ಮುಗಿಯುವ ತನಕ ತಲೆಯ ಮೇಲೊಂದು ಸೂರು, ಓದುವುದಕ್ಕೆ ಒಂದು ಮೂಲೆ. ಗೋಡೆ ಸರಿಮಾಡಿಸಿ ಎಂದು ಬದರಿನಾಥನನ್ನು ಕೇಳಿದಳು. "ಬ್ಲೀಚ್ ಹಾಕಿ ಒರ್ಸಮ್ಮ. ತಂಗಿ ಆಗಿದ್ಕೊಂಡು ಕಂಪ್ಲೇಂಟ್ ಮಾಡ್ತೀಯಲ್ಲ" ಅಂದ. ಬಾಯಿ ಬೆಲ್ಲ, ಕರುಳು ಕತ್ತರಿ ಎಂದು ಇಂಥವರನ್ನು ನೋಡಿಯೇ ಹೇಳಿರಬೇಕು.

ನಾನು ಅವಳನ್ನು ಬಾಡಿಗೆದಾರರಿಗೆ ಸಲಹೆ ಕೊಡುವ ಕಚೇರಿಗೆ ಎಳೆದುಕೊಂಡು ಹೋದೆ. ಅಲ್ಲಿದ್ದ ಹುಡುಗಿ ಪಾಪ, ಎಲ್ಲ ಕೇಳಿ ತಲೆ ಹಿಡಿದುಕೊಂಡಳು. ಲೀಸಿಲ್ಲ, ರಸೀತಿಯಿಲ್ಲ, ಕೌನ್ಸಿಲ್‌ನವರ ಮುಂದೆ ನೀವೇ ಅಣ್ಣ ಅಂದಿದ್ದೀರಿ, ಹಬ್ಬದ ಫೋಟೊ ಬೇರೆ ಇದೆ. ಹೋರಾಡಬಹುದು, ಆದರೆ ಪರೀಕ್ಷೆಯೊಳಗೆ ಏನೂ ಆಗುವುದಿಲ್ಲ ಅಂದಳು. ವಾಪಸು ಬರುವಾಗ ಸಂಧ್ಯಾರಾಣಿ ರೈಲಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಳು.

ಸೆಪ್ಟೆಂಬರ್ ಕೊನೆಯಲ್ಲಿ ಸೆನೆಟರ್ ನೋರಾ ಕ್ವಿನ್‌ಲಾನ್ ಲಿವರ್‌ಪೂಲ್‌ನ ಲೈಬ್ರರಿಗೆ ಬಂದರು. ಮನೆ ಸಿಗದವರ ಕಷ್ಟ ಕೇಳುವ ಸಭೆ. ನನಗೆ ರಾಜಕಾರಣಿಗಳ ಮೇಲೆ ನಂಬಿಕೆ ಇಲ್ಲ, ಬಿಸ್ಕತ್ತು ಕೊಡುತ್ತಾರೆ ಅಂತ ಹೋಗುವ ಜಾತಿ ನಾನು. ಆದರೂ ಸಂಧ್ಯಾರಾಣಿಯನ್ನು ಕರೆದುಕೊಂಡು ಹೋದೆ. ಆಯಮ್ಮ ಚೆನ್ನಾಗಿಯೇ ಕೇಳಿದರು, ನಡುವೆ ಬಾಯಿ ಹಾಕಲಿಲ್ಲ. ಒಳಬಾಗಿಲಿನ ವಿಷಯ ಬಂದಾಗ ಮಾತ್ರ, ಚಿಲಕ ಯಾರ ಕಡೆಗಿದೆ ಎಂದು ಎರಡು ಸಲ ಕೇಳಿದರು. ಬದರಿನಾಥನ ಹೆಸರು ಎತ್ತದೆ, ನನ್ನ ಹೆಸರೂ ಎಲ್ಲೂ ಹೇಳಬೇಡಿ ಎಂದು ಸಂಧ್ಯಾರಾಣಿ ಕೈಮುಗಿದಳು. ಹೇಳುವುದಿಲ್ಲ ಅಂದರು.

ಮಾತು ಉಳಿಸಿಕೊಂಡರು. ಕ್ಯಾನ್‌ಬೆರಾದಲ್ಲಿ ಸೆನೆಟಿನಲ್ಲಿ ಎದ್ದು ನಿಂತು, ಸಿಡ್ನಿಯಲ್ಲಿ ಒಬ್ಬ ತಾಯಿ ಮತ್ತು ಮಗಳು ಗ್ಯಾರೇಜಿನಲ್ಲಿದ್ದಾರೆ, ಮನೆಯ ಒಡೆಯ ಅವಳನ್ನು ತಂಗಿ ಎನ್ನುತ್ತಾನೆ, ತಂಗಿ ಎಂದಿದ್ದಕ್ಕೇ ಕಾನೂನು ಅವಳ ನೆರವಿಗೆ ಬರುತ್ತಿಲ್ಲ ಅಂದರು. ತಮ್ಮ ತಾತನ ಕಥೆಯನ್ನೂ ಹೇಳಿದರು. ಐರ್ಲೆಂಡಿನಿಂದ ಮೆಲ್ಬರ್ನ್‌ಗೆ ಬಂದಿಳಿದ ತಾತ ತನ್ನ ಊರವನದೇ ಹೆಂಡದಂಗಡಿಯ ಹಿಂದೆ ಕುದುರೆ ಲಾಯದಲ್ಲಿ ಮಲಗುತ್ತಿದ್ದನಂತೆ. ಊರವನು ಅವನನ್ನು ಕಸಿನ್ ಎಂದು ಕರೆಯುತ್ತಿದ್ದ, ಕಸಿನ್‌ಗೆ ಏನು ಕೂಲಿ ಎಂದು ದುಡಿಸಿಕೊಂಡು ದುಡ್ಡು ಕೊಡುತ್ತಿರಲಿಲ್ಲ. 'ಪರದೇಶದಲ್ಲಿ ನಮ್ಮನ್ನು ಮೊದಲು ಸುಲಿದವರು ನಮ್ಮವರೇ' ಅಂದರು. ನಾನು ಫೋನಿನಲ್ಲಿ ಆ ವಿಡಿಯೊ ನೋಡುತ್ತಾ ಅಡುಗೆಮನೆಯಲ್ಲೇ ಜೋರಾಗಿ ಚಪ್ಪಾಳೆ ಹೊಡೆದೆ.

ಆಮೇಲೆ ಏನಾಯಿತು ಅಂತೀರಿ? ಬಾಡಿಗೆ ಕಾನೂನು ರಾಜ್ಯದ ವಿಷಯ ಎಂದು ಕ್ಯಾನ್‌ಬೆರಾದ ಮಂತ್ರಿಗಳು ಕೈ ತೊಳೆದುಕೊಂಡರು. ರಾಜ್ಯದವರು ಗ್ಯಾರೇಜು ಕೌನ್ಸಿಲಿನ ವಿಷಯ ಅಂದರು. ಕೌನ್ಸಿಲಿನವರಿಗೆ ಅದು ಕುಟುಂಬದ ವಿಷಯವಾಗಿತ್ತು. ಕೋಟು ಹಾಕಿದ ಎಲ್ಲರೂ ಸೇರಿ ಒಂದು ಬೂಷ್ಟು ಹಿಡಿದ ಗೋಡೆಯನ್ನು ಸರಿಮಾಡಲಾಗಲಿಲ್ಲ.

ನಮ್ಮವರು ಮಾತ್ರ ಕೂಡಲೇ ಕೆಲಸಕ್ಕಿಳಿದರು. ಹೆಸರು ಹೇಳದಿದ್ದರೇನು, ಯಾರ ಗ್ಯಾರೇಜು ಎಂದು ವಾಟ್ಸ್ಆಪ್ ಗುಂಪಿಗೆ ಗೊತ್ತಿಲ್ಲವೆ? 'ಕನ್ನಡಿಗರ ಮಾನ ಪಾರ್ಲಿಮೆಂಟಲ್ಲಿ ಹರಾಜಾಯ್ತು', 'ಉಂಡ ಮನೆಗೆ ಎರಡು ಬಗೆಯೋದು ಅಂದ್ರೆ ಇದೇ', 'ಸಮಸ್ಯೆ ಇದ್ರೆ ನಮ್ಮ ಮಧ್ಯೆ ಹೇಳ್ಬೇಕಿತ್ತು' ಅಂತೆಲ್ಲ ಬರೆದರು. ನಿಮ್ಮ ಅಧ್ಯಕ್ಷನಿಗೇ ಹೇಳಿದ್ದಳಲ್ಲ, ಕಿವಿಗೆ ಹತ್ತಿ ತುರುಕಿಕೊಂಡಿದ್ದ! ಒಬ್ಬರಾದರೂ ಆ ಹುಡುಗಿಯ ಉಬ್ಬಸ ಹೇಗಿದೆ ಎಂದು ಕೇಳಲಿಲ್ಲ. ನಾನು ನಾಲ್ಕು ಮಾತು ಬರೆದೆ, ನನ್ನನ್ನು ಗುಂಪಿನಿಂದ ಕಿತ್ತು ಹಾಕಿದರು.

ಬದರಿನಾಥನಿಗೆ ಪೀಕಲಾಟ ಶುರುವಾಯಿತು. ಕನ್ನಡ ಭವನಕ್ಕೆ ಸರ್ಕಾರದಿಂದ ಹಣ ಕೇಳಬೇಕೆಂದು ಇದೇ ಸೆನೆಟರ್ ಅವರನ್ನು ರಾಜ್ಯೋತ್ಸವಕ್ಕೆ ಮುಖ್ಯ ಅತಿಥಿಯಾಗಿ ಅವನೇ ಮೊದಲೇ ಕರೆದಾಗಿತ್ತು. ಅದು ಸಾನ್ವಿಯ ಪರೀಕ್ಷೆಯ ನಟ್ಟನಡುವೆ ಬರುವ ಭಾನುವಾರ. ಮೊದಲು ಅವನು, ಮೈಸೂರಿಂದ ಅಪ್ಪ ಅಮ್ಮ ಬರುತ್ತಾರೆ, ಗ್ಯಾರೇಜು ಖಾಲಿ ಮಾಡು ಅಂದ. ಸಂಧ್ಯಾರಾಣಿ ಕಾಲು ಹಿಡಿಯುವುದೊಂದು ಬಾಕಿ. ಎರಡು ದಿನ ಬಿಟ್ಟು ಅವನೇ ಬಂದು ಮೆತ್ತಗೆ ಹೇಳಿದ:

"ನೋಡಮ್ಮ, ಆಗಿದ್ದು ಆಗೋಯ್ತು. ಫಂಕ್ಷನ್ ದಿನ ಸ್ಟೇಜ್ ಮೇಲೆ ಸನ್ಮಾನದ ತಟ್ಟೆ ನೀನೇ ಹಿಡ್ಕೊ. ನಾನು ನಿಂಗೆ ಒಂದು ಬಾಗಿನ ಕೊಡ್ತೀನಿ. ನಾವು ಅಣ್ಣ ತಂಗಿ ಚೆನ್ನಾಗಿದೀವಿ ಅಂತ ಆಯಮ್ಮನೂ ನೋಡ್ಲಿ, ಜನಾನೂ ನೋಡ್ಲಿ. ಮಗು ಪರೀಕ್ಷೆ ಮುಗಿಯೋವರ್ಗೂ ಆರಾಮಾಗಿ ಇರಿ."

ಇವಳು ಒಪ್ಪಿಕೊಂಡಳು. ನನಗೆ ಮೈಯೆಲ್ಲ ಉರಿಯಿತು. ನವೆಂಬರಿನಲ್ಲಿ ಯಾವ ಗೌರಿಯಯ್ಯಾ? ಯಾವ ಪಂಚಾಂಗದಲ್ಲಿದೆ ಈ ಹಬ್ಬ?

"ಮಾನ ಮರ್ಯಾದೆ ಏನೂ ಇಲ್ವೇನೇ ನಿಂಗೆ?" ಅಂತ ಟ್ರೇ ಎತ್ತಿ ಕುಕ್ಕಿದೆ.

"ನಿಂಗೆ ಮನೆ ಐತೆ ಅಕ್ಕ. ಮಾನದ ಮಾತು ಆಡ್ಬಹುದು" ಅಂದಳು. "ನಂಗೆ ಅವ್ಳ ಪೇಪರ್ ಮುಗೀಲಿ ಸಾಕು. ಸೆರಗು ತಾನೇ ಒಡ್ಬೇಕು? ಒಡ್ತೀನಿ."

ನನ್ನದು ಒಂದೇ ಕೋಣೆಯ ಯೂನಿಟ್ಟು, ಅಲ್ಲಿಂದ ಸಾನ್ವಿಯ ಶಾಲೆಗೆ ಹೋಗಬೇಕಾದರೆ ರೈಲು, ಬಸ್ಸು ಸೇರಿ ಅರ್ಧ ಬೆಳಿಗ್ಗೆಯೇ ಬೇಕು. ಬಾ ಎಂದು ಹೇಳಿದೆ, ಅವಳು ತಲೆ ಅಲ್ಲಾಡಿಸಿದಳು.

ಭಾನುವಾರ ಹಾಲು ತುಂಬಿತ್ತು. ಕೆಂಪು ಹಳದಿ ಶಾಲು, ನಾಡಗೀತೆ, ಬಿಸಿಬೇಳೆ ಬಾತಿನ ಘಮ. ಸಂಧ್ಯಾರಾಣಿ ಊರ್ಮಿಳಾ ಕೊಟ್ಟ ಹಳೇ ರೇಷ್ಮೆ ಸೀರೆ ಉಟ್ಟು, ಹಸಿರು ಬಳೆ ತೊಟ್ಟು ತಟ್ಟೆ ಹಿಡಿದು ನಿಂತಿದ್ದಳು. ಸಾನ್ವಿ ನನ್ನ ಪಕ್ಕದಲ್ಲಿ ಕೂತು ತೊಡೆಯ ಮೇಲೆ ಬಯಾಲಜಿ ಪುಸ್ತಕ ಇಟ್ಟುಕೊಂಡಿದ್ದಳು, ಪುಟ ಮಾತ್ರ ತಿರುಗಲಿಲ್ಲ. ಬದರಿನಾಥ ಸೆನೆಟರ್‌ಗೆ ಶಾಲು ಹೊದಿಸಿದ, ಪೇಟ ಇಟ್ಟ, ಕ್ಯಾಮೆರಾ ಕಡೆ ಹಲ್ಲು ಬಿಟ್ಟ. ನಾನು ಮೊದಲು ಹೇಳಿದ ಫೋಟೊ ಆಗ ತೆಗೆದದ್ದು.

ಆಮೇಲೆ ಮೈಕು ಹಿಡಿದು ಇಂಗ್ಲಿಷಿನಲ್ಲಿ ಶುರುಮಾಡಿದ. ನಮ್ಮ ಸಮುದಾಯದಲ್ಲಿ ಯಾರೂ ಅನಾಥರಲ್ಲ, ನಾವು ನಮ್ಮವರನ್ನು ಕೈಬಿಡುವುದಿಲ್ಲ, ಇಗೋ ಈಕೆ ನನ್ನ ತಂಗಿ ಅಂದ. ಊರ್ಮಿಳಾ ಜರಿ ಸುತ್ತಿದ ಮೊರ ತಂದುಕೊಟ್ಟಳು. ಜನ ಚಪ್ಪಾಳೆ ತಟ್ಟಿದರು. ಒಬ್ಬರಿಗೂ ನಗು ಬರಲಿಲ್ಲ, ನಾಚಿಕೆಯೂ ಬರಲಿಲ್ಲ. ನವೆಂಬರ್ ತಿಂಗಳ ಗೌರಿ ಬಾಗಿನಕ್ಕೆ ಎರಡು ಕೈಯಲ್ಲಿ ಚಪ್ಪಾಳೆ!

ಸಂಧ್ಯಾರಾಣಿ ತಟ್ಟೆಯನ್ನು ಮೇಜಿನ ಮೇಲಿಟ್ಟು ಸೆರಗು ಮುಂದಕ್ಕೆ ತಂದುಕೊಂಡಳು. ಆಗ ಸೆನೆಟರ್, ಪೇಟ ಜಾರದಂತೆ ಒಂದು ಕೈಯಲ್ಲಿ ಹಿಡಿದುಕೊಂಡು, ಇದೇನು, ಇದರ ಅರ್ಥವೇನು ಎಂದು ಕೇಳಿದರು. ನಿರೂಪಣೆ ಮಾಡುತ್ತಿದ್ದ ಸುದರ್ಶನ್ ಎನ್ನುವ ಹುಡುಗ ಉತ್ಸಾಹದಿಂದ ವಿವರಿಸಿದ: ಇದು ಅಣ್ಣ ತಂಗಿಗೆ ಕೊಡುವುದು, ತವರು ಮನೆಯ ಬಾಗಿಲು ನಿನಗೆ ಯಾವಾಗಲೂ ತೆರೆದಿರುತ್ತದೆ ಎಂದು ಇದರ ಅರ್ಥ.

ಸೆನೆಟರ್ ಅವರ ಮುಖದ ನಗು ಹೋಯಿತು. ಲೈಬ್ರರಿಯಲ್ಲಿ ಕಂಡ ಹೆಂಗಸು ಇವಳೇ ಎಂದು ಅವರಿಗೆ ಗೊತ್ತಿತ್ತು, ಗ್ಯಾರೇಜಿನ ಒಡೆಯ ಯಾರೆಂದು ಗೊತ್ತಿರಲಿಲ್ಲ. ಬದರಿನಾಥನನ್ನು ಒಮ್ಮೆ ನೋಡಿದರು, ಇವಳ ಕಡೆ ತಿರುಗಿ ಮೆಲ್ಲಗೆ ಕೇಳಿದರು:

"ಈಸ್ ದ ಡೋರ್ ಓಪನ್, ಸಂಧ್ಯಾ?"

ಮೈಕು ಮುಂದೆಯೇ ಇತ್ತು, ಹಾಲಿಗೆಲ್ಲ ಕೇಳಿಸಿತು. ಹೂಂ ಅಂದುಬಿಡೇ ಎಂದು ನಾನೇ ಮನಸ್ಸಿನಲ್ಲಿ ಅಂದುಕೊಂಡೆ. ಇನ್ನು ಎರಡು ಪೇಪರು ಬಾಕಿ ಇತ್ತು. ಸಂಧ್ಯಾರಾಣಿ ಕೆಳಗೆ ಕೂತಿದ್ದ ಮಗಳನ್ನು ನೋಡಿದಳು. ಸಾನ್ವಿ ಪುಸ್ತಕ ಮುಚ್ಚಿದಳು. ತಾಯಿ ಸೆರಗನ್ನು ಕೈಯಿಂದ ಬಿಟ್ಟಳು, ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನೋ ಮೇಡಂ. ಲಾಕ್. ಹಿಸ್ ಸೈಡ್" ಅಂದಳು. ಆಮೇಲೆ ನಮ್ಮೆಲ್ಲರ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು. "ಚಿಲಕ ಅಣ್ಣಾರ ಕಡೆ ಐತೆ. ಬಚ್ಚಲಿಗೆ ಹೋಗ್ಬೇಕಾದ್ರೂ ನಾನೂ ನನ್ ಮಗ್ಳೂ ತಟ್ಬೇಕು. ನೀವುಗಳು ಅವ್ರ ಮನೇಗೆ ಊಟಕ್ಕೆ ಬಂದ ದಿನ ತಟ್ಟೋ ಹಂಗೂ ಇಲ್ಲ. ಅಣ್ಣ ಅಲ್ಲ ಇವ್ರು. ವಾರ ವಾರ ಬಾಡ್ಗೆ ಕೊಡ್ತೀನಿ ನಾನು."

ಬದರಿನಾಥ ಮೊರ ಹಿಡಿದುಕೊಂಡು ಹಾಗೇ ನಿಂತಿದ್ದ. ಸೆನೆಟರ್ ಪೇಟ ತೆಗೆದು ಮೇಜಿನ ಮೇಲಿಟ್ಟರು, ಸಂಧ್ಯಾರಾಣಿಯ ಜೊತೆ ವೇದಿಕೆಯಿಂದ ಇಳಿದು ಬಂದರು. ಒಬ್ಬರಾದರೂ ಎದ್ದು ಬಂದು ಅವಳ ಕೈ ಹಿಡಿಯುತ್ತಾರೆ ಅಂದುಕೊಂಡಿರಾ? ಯಾರೋ ಜೋರಾಗಿ ಹಾಡು ಹಾಕಿದರು. ಮಕ್ಕಳ ಡಾನ್ಸ್ ಶುರುವಾಯಿತು. ಊಟಕ್ಕೆ ಬಿಟ್ಟಾಗ ನಾವು ಮೂರು ಜನ ಕೂತ ಮೇಜಿಗೆ ಒಬ್ಬ ನರಪಿಳ್ಳೆ ಬರಲಿಲ್ಲ. ಆಸ್ಪತ್ರೆಯ ನರ್ಸುಗಳು, ಬ್ಯಾಂಕಿನವರು, ಡಾಕ್ಟರೇಟ್ ಮಾಡಿದವರು, ಎಲ್ಲರೂ ಬಿಸಿಬೇಳೆ ಬಾತಿಗೆ ಬೂಂದಿ ಹಾಕಿಕೊಂಡು ಬೆನ್ನು ತಿರುಗಿಸಿದರು. ಬದರಿನಾಥ ಒಬ್ಬನಿದ್ದಾನೆ ಎಂದು ನನಗೆ ಅಷ್ಟು ಹೇಸಿಗೆಯಿಲ್ಲ, ಅಂಥವನು ಎಲ್ಲ ಕಡೆ ಇರುತ್ತಾನೆ. ಆ ಬೆನ್ನುಗಳನ್ನು ನೆನೆದರೆ ಹೇಸಿಗೆಯಾಗುತ್ತದೆ.

ನಾವು ದಿ ಪಾಂಡ್ಸ್‌ಗೆ ಹೋಗುವಷ್ಟರಲ್ಲಿ ಅವರ ಬಟ್ಟೆ, ಪಾತ್ರೆ, ಸಾನ್ವಿಯ ಪುಸ್ತಕಗಳು ಡ್ರೈವ್‌ವೇಯಲ್ಲಿ ಕಪ್ಪು ಕಸದ ಚೀಲಗಳಲ್ಲಿದ್ದವು. ಸಮಾರಂಭ ಮುಗಿಸಿ ಶಾಲು ಹೊದ್ದುಕೊಂಡೇ ಬಂದು ಹೊರಗೆ ಹಾಕಿದ್ದ ಮಹಾರಾಯ. ಬಾಗಿನದ ಮೊರಗಳು ಚೀಲದಲ್ಲಿರಲಿಲ್ಲ. ಸಂಧ್ಯಾರಾಣಿ ಅವನ್ನು ಕೇಳಲಿಲ್ಲ.

ಸೆನೆಟರ್ ಕಚೇರಿಯವರು ಮೋಟೆಲ್ ನೋಡುತ್ತೇವೆ ಅಂದರು. ಬೇಡ ಎಂದು ನಾನು ಇಬ್ಬರನ್ನೂ ಮನೆಗೆ ಕರೆದುಕೊಂಡು ಬಂದೆ. ಉಳಿದ ಎರಡು ಪೇಪರಿಗೆ ಸಾನ್ವಿ ಲಿವರ್‌ಪೂಲ್‌ನಿಂದ ಕತ್ತಲಲ್ಲೇ ಎದ್ದು ಹೋದಳು. ಕೊನೇ ಪೇಪರಿನ ದಿನ ರೈಲು ನಿಂತುಹೋಗಿ ಓಡುತ್ತಾ ಹೋದವಳು ಏದುಸಿರು ಬಿಡುತ್ತಾ ಬರೆದಳು. ಫಿಸಿಯೋಥೆರಪಿ ಸೀಟು ಕೈತಪ್ಪಿತು. ಮೆಲ್ಬರ್ನ್‌ನಲ್ಲಿ ನರ್ಸಿಂಗ್ ಸಿಕ್ಕಿತು. ಅವಳು ಒಂದು ದಿನವೂ ತಾಯಿಯನ್ನು ದೂರಲಿಲ್ಲ, ನನಗೆ ಮಾತ್ರ ಆ ಸೀಟಿನ ಸಂಕಟ ಇನ್ನೂ ಹೋಗಿಲ್ಲ. ಬದರಿನಾಥ ಈಗಲೂ ಸಂಘದ ಅಧ್ಯಕ್ಷನೇ. ಗ್ಯಾರೇಜಿನಲ್ಲಿ ಈಗ ಬೆಂಗಳೂರಿನ ಇಬ್ಬರು ಸ್ಟೂಡೆಂಟ್ ಹುಡುಗರಿದ್ದಾರಂತೆ, ಅವನನ್ನು ಅಣ್ಣಾ ಎನ್ನುತ್ತಾರಂತೆ. ಸೆನೆಟರ್ ಇನ್ನೊಮ್ಮೆ ಪಾರ್ಲಿಮೆಂಟಿನಲ್ಲಿ ಮಾತಾಡಿದರು. ಇನ್ನೊಂದು ಸಮಿತಿ ಮಾಡುತ್ತಾರಂತೆ.

ಫೆಬ್ರವರಿಯಲ್ಲಿ ತಾಯಿ ಮಗಳು ಮೆಲ್ಬರ್ನ್‌ಗೆ ಹೋದರು. ಸಾಮಾನು ಇಳಿಸುವುದಕ್ಕೆ ನಾನೂ ಹೋಗಿದ್ದೆ. ಕ್ಲೈಡ್ ನಾರ್ತ್‌ನಲ್ಲಿ ಒಂದು ಹೊಸ ಮನೆಯ ಹಿಂದೆ ಎರಡು ಕೋಣೆಯ ಸಣ್ಣ ಮನೆ ಖಾಲಿ ಇತ್ತು. ಒಡೆಯ ಇಂದ್ರೇಶ್ ಎನ್ನುವವನು, ತುಮಕೂರಿನವನೇ, ವಯಸ್ಸು ಚಿಕ್ಕದು, ನೋಡಿದರೆ ಕೆಟ್ಟವನ ಹಾಗೆ ಕಾಣಲಿಲ್ಲ. ಗುಬ್ಬಿ ಎಂದು ಕೇಳಿ ಅವನ ಮುಖ ಅರಳಿತು.

"ಅಯ್ಯೋ ನಮ್ಮೂರ್ ಕಡೆಯೋರೇ! ಪೇಪರ್ ಗೀಪರ್ ಎಲ್ಲ ನಿಧಾನಕ್ಕೆ ಮಾಡ್ಕೊಳೋಣ ಬಿಡಿ ಅಕ್ಕ. ತಮ್ಮ ಅಂದ್ಕೊಳಿ ನನ್ನ" ಅಂದ.

"ನಂಗೆ ತಮ್ಮ ಬೇಡ ಸಾರ್" ಅಂದಳು ಸಂಧ್ಯಾರಾಣಿ. ದನಿ ಮೆತ್ತಗೇ ಇತ್ತು. "ಲೀಸ್ ಕೊಡಿ. ಸೈನ್ ಆಗೋವರ್ಗೂ ಸಾಮಾನು ಇಳ್ಸಲ್ಲ."

ಅವನು ಪೆಚ್ಚಾದ. ಪಾಪ ಅನ್ನಿಸಿತು ನನಗೆ. ಲ್ಯಾಪ್‌ಟಾಪ್ ತಂದ, ಪ್ರಿಂಟ್ ತೆಗೆದ. ಸಾನ್ವಿ ಟ್ರಕ್ಕಿನ ಮೆಟ್ಟಿಲ ಮೇಲೆ ಕೂತು ಎಲ್ಲ ಪುಟವನ್ನೂ ಓದಿದ ಮೇಲೆ ತಾಯಿ ಸಹಿ ಹಾಕಿದಳು. ಅವನು ಬೀಗದ ಕೈ ಕೊಟ್ಟು ಹೋದ.

ಹೊಸ ಮನೆಗೆ ಹೋದರೆ ಮೊದಲು ಹಾಲು ಉಕ್ಕಿಸಬೇಕು ಎಂದು ನಾನು ದಾರಿಯಲ್ಲೇ ಹಾಲು ತೆಗೆದುಕೊಂಡಿದ್ದೆ. ಕೈಯಲ್ಲಿ ಪಾತ್ರೆ ಹಿಡಿದು ಸಂಧ್ಯಾರಾಣಿಯನ್ನು ಕೂಗಿದೆ. ಬರಲಿಲ್ಲ. ಹೋಗಿ ನೋಡಿದರೆ ಬಚ್ಚಲಿನ ಬಾಗಿಲು ಮುಚ್ಚಿತ್ತು. ಒಳಗೆ ಚಿಲಕ ಹಾಕುವ ಸದ್ದು, ತೆಗೆಯುವ ಸದ್ದು, ಮತ್ತೆ ಹಾಕುವ ಸದ್ದು.

"ಏನೇ ಮಾಡ್ತಿದೀಯ ಅಲ್ಲಿ? ಹಾಲು ಉಕ್ಕಿಸ್ಬೇಕು, ಬಾರೇ" ಅಂತ ಬಾಗಿಲು ತಟ್ಟಿದೆ.

"ತಟ್ಬೇಡ ಅಕ್ಕ" ಅಂದಳು ಒಳಗಿನಿಂದ. "ನಾನೇ ತೆಗೀತೀನಿ."